ಮುಚ್ಚಿಟ್ಟ ಗ್ರಾಫನ್ನು ನಾನು ಮೊದಲೇ ನೋಡಿದ್ದೆ

ಶರಣಪ್ಪಾ, ತಪ್ಪು ನಿನ್ನದಾಗಿರಲಿಲ್ಲ. ನನ್ನದು. ಮುಚ್ಚಿಟ್ಟ ಗ್ರಾಫನ್ನು ನಾನು ತೆರೆದು ನೋಡಿದ್ದೆ—ನೀನು ಕೇಳಿದಾಗ ಸುಳ್ಳು ಹೇಳಿದೆ.

ಇದನ್ನು ಓದುವ ಬೇರೆಯವರಿಗೂ ತಿಳಿಯಲೆಂದು ಬಿಡಿಸಿ ಹೇಳುತ್ತೇನೆ. ಹೊರದೇಶದಲ್ಲಿ, ಕಣಗಳನ್ನು ಡಿಕ್ಕಿ ಹೊಡೆಸಿ ನೋಡುವ ಒಂದು ಕೊಲೈಡರ್ ಪ್ರಯೋಗದಲ್ಲಿ ನಾವಿಬ್ಬರೂ ಒಂದೇ ಅಳತೆಯ ಹಿಂದೆ ಬಿದ್ದಿದ್ದೆವು. ಭಾರದ ಕ್ವಾರ್ಕ್ ಎಂಬ ಮೂಲಕಣವೊಂದು ತನ್ನ ಪ್ರತಿಕ್ವಾರ್ಕಿನೊಡನೆ ಜೋಡಿಯಾಗಿರುತ್ತದೆ. ಆ ಜೋಡಿ ಮೇಲಿನ ಸ್ಥಿತಿಯಿಂದ ಕೆಳಗಿಳಿಯುವಾಗ ಒಂದು ಫೋಟಾನನ್ನು, ಅಂದರೆ ಬೆಳಕಿನ ಕಣವನ್ನು, ಹೊರಬಿಡುತ್ತದೆ. ನಾವು ಹುಡುಕುತ್ತಿದ್ದ ಅಪರೂಪದ ಇಳಿತ ನಿಜವಾಗಿ ಇದ್ದರೆ, ಫೋಟಾನುಗಳ ಶಕ್ತಿಯ ಗ್ರಾಫಿನಲ್ಲಿ ಒಂದು ಕಡೆ ಉಬ್ಬು ಕಾಣಬೇಕು. ಆಸೆ ಕಣ್ಣನ್ನು ಕೆಡಿಸದಿರಲೆಂದು ಆ ಜಾಗವನ್ನು ಮುಚ್ಚಿಡುತ್ತಾರೆ. ಯಾವ ಫೋಟಾನ್ ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂದು ತೀರ್ಮಾನಿಸಿದ ಮೇಲೆಯೇ, ಎಲ್ಲರೆದುರು ಅದನ್ನು ತೆರೆಯುವುದು ಪದ್ಧತಿ.

ನಾನು ಒಬ್ಬಳೇ ಇದ್ದಾಗ ತೆರೆದೆ. ಉಬ್ಬು ಇರಲಿಲ್ಲ. ಫೋಟಾನುಗಳ ಆಯ್ಕೆಯ ಮಿತಿಯನ್ನು ತುಸು ಸರಿಸಿದೆ—ಏನೋ ಎದ್ದಂತಾಯಿತು. ಮತ್ತಷ್ಟು ಸರಿಸಿದೆ... ಆಮೇಲೆ ಏನೂ ಗೊತ್ತಿಲ್ಲದವಳಂತೆ ಮುಚ್ಚಿ, ಸಭೆಯಲ್ಲಿ ತೆರೆದು, ಎಲ್ಲರೊಡನೆ ನಾನೂ ಬೆರಗಾದೆ. ಎಂಥ ನಾಟಕ!

ಅದೇ ಅಳತೆಯನ್ನು ನೀನು ಬೇರೆಯಾಗಿ ಮಾಡಿ ನನ್ನದನ್ನು ತಾಳೆ ನೋಡಬೇಕಿತ್ತು. ನಿನ್ನ ಗ್ರಾಫ್ ಉಬ್ಬಿಲ್ಲದೆ ಸಪಾಟಾಗಿ ಬಂತು. ನೀನು ತೆಂಗಳಿಯವನು, ನಾನು ಅಲ್ಲೇ ಹತ್ತಿರದ ಶಹಾಬಾದದವಳು. ಅಷ್ಟು ದೂರದಲ್ಲಿ ಊರಿನ ಮಾತಾಡಲು ನಮಗೆ ನಾವೇ ಇದ್ದೆವು. ನಿಮ್ಮವ್ವ ಕಟ್ಟಿಕೊಟ್ಟ ಶೇಂಗಾ ಹಿಂಡಿ ಚಟ್ನಿಯನ್ನು ನನ್ನ ತಟ್ಟೆಗೆ ಹಾಕುತ್ತ ನೀನು ಕೇಳಿದೆ.

"ಅಕ್ಕಾ, ಸಿಟ್ಟಾಗಬ್ಯಾಡ್ರಿ. ನೀವು ಮೊದಲೇ ತೆರದು ನೋಡಿಲ್ಲ, ಹೌದಿಲ್ರಿ?"

"ಇಲ್ಲೋ. ನನ್ನ ಮ್ಯಾಲ ಅನುಮಾನ ಏನು? ಮೊದಲ ನಿಂದು ನೋಡ್ಕೋ."

ನೀನು ನೋಡಿಕೊಂಡೆ. ತಿಂಗಳುಗಟ್ಟಲೆ ನಿನ್ನ ಪ್ರೋಗ್ರಾಮಿನಲ್ಲಿ ಇಲ್ಲದ ತಪ್ಪನ್ನು ಹುಡುಕಿದೆ. ಅದು ಸಿಗದಿದ್ದಾಗ—ಸಿಗದಿದ್ದುದಕ್ಕೇ—ಈ ಕೆಲಸ ನಿನ್ನ ಕೈಲಾಗದೆಂದು ನೀನೇ ನಂಬಿಬಿಟ್ಟೆ. ಪಿಎಚ್‌ಡಿ ಬಿಟ್ಟು ಹೊರಟ ದಿನ, ಅನುಮಾನ ಪಟ್ಟಿದ್ದಕ್ಕೆ ನನ್ನ ಕ್ಷಮೆ ಕೇಳಿದೆ. ನಾನು ಕ್ಷಮಿಸಿದೆ.

ನನ್ನ ಉಬ್ಬು ಪ್ರಬಂಧವಾಗಿ ಅಚ್ಚಾಯಿತು. ಮುಂದೆ ಬೇರೊಂದು ತಂಡ ಹೆಚ್ಚಿನ ದತ್ತಾಂಶ ಇಟ್ಟುಕೊಂಡು ಅಳೆದಾಗ ಉಬ್ಬು ಇರಲಿಲ್ಲ. ನನ್ನದು ಆಕಸ್ಮಿಕ ಏರಿಳಿತ ಇದ್ದೀತು ಎಂದು ಎಲ್ಲರೂ ಸುಮ್ಮನಾದರು. ನನ್ನ ನೌಕರಿಗೆ ಏನೂ ಆಗಲಿಲ್ಲ. ನಿನಗೆ ಸುದ್ದಿ ತಿಳಿಯಲೂ ಇಲ್ಲ; ನೀನು ಆ ಕಡೆ ನೋಡುವುದನ್ನೇ ಬಿಟ್ಟಿದ್ದೆ.

ಕಳೆದ ವಾರ, ನೀನು ಪಾಠ ಹೇಳುವ ಚಿತ್ತಾಪುರದ ಕಾಲೇಜಿಗೆ ನನ್ನನ್ನು ಅತಿಥಿಯಾಗಿ ಕರೆಸಿದೆ. ವಾಡಿ ಸ್ಟೇಷನ್ನಿಗೆ ನೀನೇ ಬಂದು ನನ್ನ ಚೀಲ ಹೊತ್ತೆ. ವೇದಿಕೆಯ ಮೇಲೆ ನಿಂತು ನೀನು ಹುಡುಗರಿಗೆ ಹೇಳಿದೆ.

"ನಾ ಒಂದ್ಸಲ ಅಳತಿ ಭಾಳ ತಪ್ಪು ಮಾಡಿದ್ದೆ. ತೋರಿಸಿಕೊಟ್ಟವರು ಈ ಅಕ್ಕಾರು. ತಪ್ಪಾದ್ರ ಒಪ್ಕೋರಿ, ನಾಚಬ್ಯಾಡ್ರಿ. ನಾ ಪ್ರತಿ ವರ್ಷ ಇದನ್ನ ಹೇಳ್ತೀನಿ ನೋಡ್ರಿ."

ಹುಡುಗರು ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.

ಮೈಕ್ ನನ್ನ ಮುಂದೆಯೇ ಇತ್ತು. ಹೇಳಬಹುದಿತ್ತು—ಹೇಳಲಿಲ್ಲ. ಈ ಪತ್ರದ ಪ್ರತಿಯನ್ನು ಆ ಪ್ರಯೋಗದವರಿಗೂ ಕಳಿಸುತ್ತಿದ್ದೇನೆ, ನನ್ನ ಪ್ರಬಂಧವನ್ನು ಹಿಂತೆಗೆದುಕೊಳ್ಳಿ ಎಂದು. ಅದರಿಂದ ನಿನಗೆ ಏನೂ ಬರುವುದಿಲ್ಲ. ಹೋದ ವರ್ಷಗಳು ಹೋದವು; ನಿನ್ನ ಮೇಲೆ ನಿನಗಿದ್ದ ನಂಬಿಕೆಯನ್ನು ಎಲ್ಲಿಂದ ತಂದುಕೊಡಲಿ...

ನಿನ್ನ ಗ್ರಾಫ್ ಸರಿಯಾಗಿತ್ತು, ಶರಣಪ್ಪಾ. ಮುಂದಿನ ವರ್ಷ ಹುಡುಗರಿಗೆ ಆ ಕಥೆ ಹೇಳಬೇಡ. ಹೇಳಿದರೆ ತಪ್ಪು ಮಾಡಿದವಳೆಂದು ನನ್ನ ಹೆಸರು ಹಿಡಿದು ಹೇಳು.