ಅವ್ವ ವಾರ್ಡನ್‌ಗೆ ಕೊಟ್ಟ ಉತ್ತರ

ಗೆಳತಿಯರೇ, ಬೆಳಿಗ್ಗೆ ಆಫೀಸಿನಲ್ಲಿ ಏನು ಗಲಾಟೆ ಎಂದು ಎಲ್ಲರೂ ಕೇಳುತ್ತಿದ್ದೀರಿ. ಅದಕ್ಕೇ ಹಾಸ್ಟೆಲ್ ಗೋಡೆಗೆ ಇದನ್ನು ಬರೆದು ಅಂಟಿಸುತ್ತಿದ್ದೇನೆ.

ನನಗೆ ಎರಡು ತಿಂಗಳಿಂದ ಮುಟ್ಟಾಗಿಲ್ಲ. ವಿಷಯ ತಿಳಿದ ವಾರ್ಡನ್ ಕಾಗದ ಬರೆದು ನಮ್ಮೂರು ಲೋಕಿಕೆರೆಯಿಂದ ಅವ್ವನನ್ನು ಕರೆಸಿದ್ದರು.

"ಮಗಳನ್ನ ಮನೀಗೆ ಕರ್ಕೊಂಡು ಹೋಗ್ರಿ. ಹಾಸ್ಟೆಲ್ ಮರ್ಯಾದೆ ಪ್ರಶ್ನೆ ಐತೆ" ಎಂದರು.

ಅವ್ವ ನನ್ನನ್ನು ನೋಡಿ, "ಏನಾರ ಐತೇನವ್ವ?" ಎಂದಳು.

"ಇಲ್ಲವ್ವ" ಎಂದೆ.

ಅವಳಿಗೆ ಅಷ್ಟೇ ಸಾಕಾಯಿತು. "ನನ್ನ ಮಗಳು ಸುಳ್ಳು ಹೇಳಲ್ರಿ. ಯಾಕ ನಿಂತೈತೆ ಅಂತ ಡಾಕ್ಟರಮ್ಮನ್ನೇ ಕೇಳಾಣ, ನೀವೂ ಬರ್ರಿ" ಎಂದು ಎದ್ದೇಬಿಟ್ಟಳು.

ವಾರ್ಡನ್ನೂ ನಮ್ಮ ಜೊತೆ ಆಸ್ಪತ್ರೆಗೆ ಬಂದರು. ಡಾಕ್ಟರು ಪರೀಕ್ಷೆ ಮಾಡಿ, ಏನು ತಿನ್ನುತ್ತೀಯ ಎಂದು ಕೇಳಿದರು. ಓಟದ ಸ್ಪರ್ಧೆಗಾಗಿ ಎರಡು ಹೊತ್ತು ಓಡುತ್ತೇನೆ, ಮೈ ಹಗುರಾಗಲಿ ಎಂದು ಊಟ ಬಿಟ್ಟು ಮಂಡಕ್ಕಿ ತಿನ್ನುತ್ತೇನೆ ಎಂದೆ.

"ಬಸಿರಲ್ಲ. ಹೊಟ್ಟೆಗಿಲ್ದೆ ಇಷ್ಟು ಓಡಿದ್ರೆ ಮುಟ್ಟು ನಿಲ್ಲಬಹುದು. ಚೆನ್ನಾಗಿ ಉಣ್ಣು. ಮುಂದಿನ ತಿಂಗಳೂ ಆಗ್ಲಿಲ್ಲ ಅಂದ್ರೆ ಬಾ" ಎಂದರು.

ಶಾಲೆಯ ಮೆಟ್ಟಿಲು ಹತ್ತದ ನನ್ನ ಅವ್ವ ತಲೆ ಎತ್ತಿಕೊಂಡು ಹೊರಬಂದಳು. ನಾನೂ ಹಾಗೆಯೇ ಬಂದೆ.

ಮಧ್ಯಾಹ್ನ ವಾರ್ಡನ್ ತಾವೇ ನನ್ನ ತಟ್ಟೆಗೆ ನಾಲ್ಕು ರೊಟ್ಟಿ ಬಡಿಸಿದರು. ಸಾಕು ಎನ್ನುವಂತಿರಲಿಲ್ಲ, ಎದುರಿಗೆ ಅವ್ವ ಕೂತಿದ್ದಳು.