ಒನಕೆ ಕೆಳಗಿಟ್ಟ ಹೆಂಗಸು

ಊಗಡುಗು ಪಟ್ಟಣದಲ್ಲಿ ಬೆಳಕು ಹರಿಯುವ ಮೊದಲೇ ನೊಪೊಕೊ ಅಂಗಳ ಗುಡಿಸಿ, ನೀರು ತಂದು, ಸಜ್ಜೆ ಕುಟ್ಟಿ, ಮಾರಲು ಅಲಸಂದೆ ವಡೆ ಕರಿದಿರುತ್ತಾಳೆ. ಕೈ ಕುಟ್ಟುತ್ತಿದ್ದರೆ ಬಾಯಿ ಸಿನಿಮಾ ವಿಮರ್ಶೆ ಮಾಡುತ್ತಿರುತ್ತದೆ. ಅವಳ ಪ್ರಕಾರ ಲೋಕದಲ್ಲಿರುವುದು ಒಂದೇ ಚಿತ್ರ. ಅವಳ ಮದುವೆಯ ವರ್ಷ ಬಂದ ಅದರಲ್ಲಿ ನಾಯಕಿ ಒನಕೆ ಕೆಳಗಿಟ್ಟು ಮನೆಯಿಂದ ಹೊರಡುತ್ತಾಳೆ. ಉಳಿದ ಚಿತ್ರಗಳೆಲ್ಲ ಅದರ ಎಂಜಲು. ಹೊಸ ಚಿತ್ರದಲ್ಲಿ ಯಾವಳಾದರೂ ಕೆಲಸ ಬಿಟ್ಟು ಬಾಗಿಲತ್ತ ತಿರುಗಿದರೆ, "ಈ ಡೈರೆಕ್ಟ್ರು ಕದ್ದ ನೋಡ್ರೇ, ನಮ್ಮ ಚಿತ್ರಾನೇ ಕದ್ದ!" ಎಂದು ಬಯಲು ಟಾಕೀಸಿನಲ್ಲೇ ಕೂಗುತ್ತಾಳೆ. ನಾಯಕ ಉಣ್ಣಲು ಕೂತರೆ, "ಬೇಯಿಸಿದ್ಯಾರಪ್ಪಾ? ಅವಳನ್ನ ತೋರ್ಸು!" ಎಂದು ಪರದೆಯನ್ನೇ ಗದರುತ್ತಾಳೆ. ಚಿತ್ರೋತ್ಸವದಲ್ಲಿ ಆ ಹಳೆಯ ಚಿತ್ರ ಮತ್ತೆ ಬಂದ ಸಂಜೆ, ಪಕ್ಕದಲ್ಲಿ ಕೂತ ನೆರೆಮನೆಯ ಬಿಬಾತಾ, "ಒನಕೆ ಇಟ್ಟ ಮೇಲೆ ಅವಳು ಎಲ್ಲಿಗೆ ಹೋಗ್ತಾಳೆ ಚಿಕ್ಕಮ್ಮಾ?" ಎಂದಳು. ನೊಪೊಕೊಳ ಗಂಡನಿಗೆ ರಾತ್ರಿ ಬಿಸಿ ಮುದ್ದೆಯೇ ಆಗಬೇಕು; ಅದನ್ನು ತಿರುವಲು ಪ್ರತಿಸಲ ಒನಕೆಯ ದೃಶ್ಯಕ್ಕೇ ಎದ್ದು ಹೋಗುವ ಅವಳು ಚಿತ್ರದ ಕೊನೆಯನ್ನು ಕಂಡೇ ಇರಲಿಲ್ಲ. ಪರದೆಯ ಮೇಲೆ ಒನಕೆ ನೆಲ ಮುಟ್ಟಿತು. ಅವಳ ಕಾಲುಗಳು ಅಭ್ಯಾಸದಂತೆ ಎದ್ದು ನಿಂತವು. "ಕೂತ್ಕೊಳ್ಳೇ, ಏನೂ ಕಾಣ್ತಿಲ್ಲ!" ಎಂದು ಹಿಂದಿನವರು ಬೈದರೂ ಅವಳಿಗೆ ಕೇಳಿಸಲಿಲ್ಲ, ಗಂಡನ ಕರೆ ಬಂದು ಮಡಿಲ ಗಂಟಿನಲ್ಲಿ ಅವಳ ಫೋನು ಬಡಿದುಕೊಳ್ಳುತ್ತಿತ್ತು. ಗಂಟು ಬಿಚ್ಚಿ ಫೋನು ತೆಗೆದು, ಖಾಲಿ ವಡೆ ಬುಟ್ಟಿಯೊಳಗಿಟ್ಟು, ಮುಚ್ಚಳ ಮುಚ್ಚಿ, ಅದರ ಮೇಲೆಯೇ ಕೂತು ಪರದೆ ನೋಡತೊಡಗಿದಳು.