ಮಗ್ಗದ ಮನೆಯ ದನಿ

ಇಂಗ್ಲಿಷ್ ಉತ್ತರಪತ್ರಿಕೆ ತಿದ್ದುತ್ತಿದ್ದೆ. ವಾಕ್ಯ ಯಾವ ಬಗೆಯದು, ಗುರುತಿಸಿ: ಹೇಳಿಕೆಯೋ, ಪ್ರಶ್ನೆಯೋ, ಅಪ್ಪಣೆಯೋ, ಉದ್ಗಾರವೋ. ಇದನ್ನೇ ಕಲಿಸಿ ಕಲಿಸಿ ಸಾಕಾಗಿ ಹೋಗಿದೆ ನೋಡಿ. ಒಂದು ಹಾಳೆಯ ನಡುವೆ ಕೆಂಪು ನೂಲಿನ ಎಳೆ ಸಿಕ್ಕಿಕೊಂಡಿತ್ತು. ಬನಹಟ್ಟಿಯಲ್ಲಿ ಇದೇನು ದೊಡ್ಡ ಮಾತಲ್ಲ. ಮಗ್ಗದ ಮನೆಯ ಮಕ್ಕಳ ತಲೆಗೂದಲಲ್ಲೂ ನೂಲಿರುತ್ತದೆ. ಆದರೂ ಪೆನ್ನು ನಿಂತಿತು. ಕಸ್ತೂರಿ ನೆನಪಾದಳು.

ಆಗ ನಾನು ಜಮಖಂಡಿಯಿಂದ ಬಸ್ಸಿಗೆ ಬಂದು ಹೋಗುವ ಹೊಸ ಮಾಸ್ತರ. ಶಿಸ್ತಿನ ಹುಚ್ಚು ಬೇರೆ. ಪ್ರಶ್ನೆಯನ್ನು ಮೆತ್ತಗೆ ಕೇಳಬೇಕು, ಒದರಿದರೆ ಅದು ಅಪ್ಪಣೆ ಎಂದು ಯಾವ ಪುಸ್ತಕದಲ್ಲೂ ಇಲ್ಲದ ವ್ಯಾಕರಣವನ್ನು ನಾನೇ ಹುಟ್ಟಿಸಿದ್ದೆ. ಒಂಬತ್ತನೆಯ ತರಗತಿಯ ಕಸ್ತೂರಿ ಒಂದು ದಿನ ಎದ್ದು ನಿಂತು, "ಸರ್, ತಿಳೀಲಿಲ್ರೀ! ಇನ್ನೊಮ್ಮೆ ಹೇಳ್ರಿ!" ಎಂದು ಕಿಟಕಿ ನಡುಗುವಂತೆ ಒದರಿದಳು.

"ನನಗ ಹುಕುಂ ಮಾಡ್ತೀ ಏನ್? ಮೆತ್ತಗ ಮಾತಾಡೂದು ಕಲಿತ ಮ್ಯಾಲೆ ಸಾಲಿಗೆ ಬಾ" ಎಂದು ಹೊರಗೆ ಕಳಿಸಿದೆ. ನಾಲ್ಕು ದಿನ ಅವಳು ಬರಲೇ ಇಲ್ಲ. ಐದನೆಯ ದಿನ ಮೂಗಿನ ತುದಿಯಲ್ಲಿ ಸಿಟ್ಟು ಇಟ್ಟುಕೊಂಡು, ದೂರು ಹೇಳಲು ಅವರ ಮನೆಗೇ ಹೋದೆ.

ಒಳಗೆ ನಾಲ್ಕು ಪವರ್‌ಲೂಮು. ಆ ಖಟಾಖಟ್ ಸದ್ದಿನಲ್ಲಿ ನನ್ನ ಮಾತು ನನಗೇ ಕೇಳಿಸದು. ಅವಳ ಅವ್ವ "ಬರ್ರಿ ಸರ್! ಕುಂದರ್ರಿ! ಚಾ ಕುಡೀರಿ!" ಎಂದು ಒದರಿದರು, ಬೈಯುತ್ತಿದ್ದಾರೆಂದುಕೊಂಡೆ. ಕಸ್ತೂರಿ ಮೂಲೆಯಲ್ಲಿ ನೂಲು ಸುತ್ತುತ್ತ ಕೂತಿದ್ದಳು. ನಾನೂ ಗಂಟಲು ಹರಿಯುವಂತೆ ಕೂಗಿದೆ: "ನಿಮ್ಮ ಮಗಳು ಭಾಳ ಒದರತಾಳ್ರೀ!"

ಮಾತಿನ ನಡುವೆಯೇ ಕರೆಂಟು ಹೋಯಿತು. ಮಗ್ಗಗಳು ಗಪ್ಪಾದವು, ನನ್ನ ಒದರಾಟ ಮಾತ್ರ ಓಣಿಯ ತುದಿಗೆ ಮುಟ್ಟಿತು.

ಅವ್ವ ನಕ್ಕರು. "ಈ ಸಪ್ಪಳದಾಗ ಹುಟ್ಟಿ ಬೆಳೆದಾಳ್ರೀ. ಇಲ್ಲಿ ಮೆತ್ತಗ ಕೇಳಿದ್ರ ತುತ್ತು ಕೂಳೂ ಸಿಗೂದಿಲ್ಲ."

ನಾಚಿಕೆಯಿಂದ ನೆಲ ನೋಡಿದೆ. ಆಗ ಕಸ್ತೂರಿ, ಕೇಳಿಸಿಯೂ ಕೇಳಿಸದಷ್ಟು ಮೆತ್ತಗೆ, "ಸರ್, ನಾಳಿಂದ ಸಾಲಿಗೆ ಬರ್ಲೇನ್ರೀ?" ಅಂದಳು. ನಾಲ್ಕು ದಿನ ಮನೆಯಲ್ಲಿ ಮೆತ್ತಗೆ ಮಾತಾಡುವುದನ್ನೇ ರೂಢಿ ಮಾಡಿಕೊಂಡಿದ್ದಳಂತೆ.

"ಬಾ" ಅಂದೆ. ತಪ್ಪು ನಂದವ್ವ ಅನ್ನುವ ಮಾತು ಬಾಯಿಗೆ ಬಂದು ಅಲ್ಲೇ ಉಳಿಯಿತು. ಮರುದಿನ ಬಂದಳು. ಆದರೆ ತಿಳಿದರೂ ತಿಳಿಯದಿದ್ದರೂ ತರಗತಿಯಲ್ಲಿ ಮತ್ತೆ ಬಾಯಿ ತೆರೆಯಲಿಲ್ಲ. ವರ್ಷದ ಕೊನೆಗೆ ಇಂಗ್ಲಿಷಿನಲ್ಲಿ ನಪಾಸಾಗಿ ಶಾಲೆ ಬಿಟ್ಟಳು. ಆ ಪಾಪ ನನ್ನದೇ. ಯಾರ ತಲೆಗೆ ಕಟ್ಟಲಿ?

ಈ ಎಳೆ ಸಿಕ್ಕ ಹಾಳೆ ಹಿಂದಿನ ಬೆಂಚಿನ ಹುಡುಗಿಯದು. ಇವತ್ತು ಬೆಳಿಗ್ಗೆ ಅವಳೂ ಹೀಗೇ "ತಿಳೀಲಿಲ್ರೀ!" ಎಂದು ಒದರಿದ್ದಳು. ದಣಿವಿನಲ್ಲಿ "ಸುಮ್ನ ಕುಂದ್ರು" ಅಂದುಬಿಟ್ಟಿದ್ದೆ. ಕೂತಳು.

ನಾಳೆ ಹೋದ ಕೂಡಲೇ ಅವಳನ್ನು ಎಬ್ಬಿಸಬೇಕು. "ಏನ್ ತಿಳೀಲಿಲ್ಲವ್ವ? ಇನ್ನೊಮ್ಮೆ ಒದರು" ಅನ್ನಬೇಕು.